“ಬರೀ ಚಾಷ್ಟಿ ರೀ ಸರ್”

ಕೌನ್ಸೆಲಿಂಗ್ ಕೆಲಸಕ್ಕೆ ಅಂತ ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜುಗಳಿಗೆ ಓಡಾಡ್ತಾ ಇರ್ತೀನಿ, ಎಲ್ಲಿ ಹೋದ್ರೂ ಈ ಒಂದು ಮಾತು ಕೇಳೇ ಕೇಳ್ತೀನಿ. ಹಾಸ್ಟೆಲ್‌ನಲ್ಲಿ ಮಣಿಪುರದ ಹುಡುಗನಿಗೆ “ಚೀನಾ” ಅಂತಿದ್ರು, ಕರೆಸಿ ಕೇಳಿದ್ರೆ, “ಬರೀ ಚಾಷ್ಟಿ ರೀ ಸರ್, ಅವನೂ ನಗ್ತಾನ.” ನಗ್ತಾನೆ, ಹೌದು. ನಗದೇ ಇದ್ರೆ ಊಟಕ್ಕೆ ಪಕ್ಕದಲ್ಲಿ ಕೂರೋರು ಯಾರು?

ನಮ್ಮ ಕಡೆ ಇದೆಲ್ಲ ಇಲ್ಲ, ಇದು ಡೆಲ್ಲಿ ಬೆಂಗಳೂರಿನ ಸಮಸ್ಯೆ ಅನ್ನೋರು ಜಾಸ್ತಿ. ಆದ್ರೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಐಸಿಎಆರ್ (ಕೇಂದ್ರದ ಕೃಷಿ ಸಂಶೋಧನಾ ಮಂಡಳಿ) ಸೀಟಿನ ಮೇಲೆ ಬೇರೆ ರಾಜ್ಯದ ಮಕ್ಕಳು ಬರ್ತಾರೆ, ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜಿನ 15% ಎಂಬಿಬಿಎಸ್ ಸೀಟು ಆಲ್ ಇಂಡಿಯಾ ಕೋಟಾಕ್ಕೆ ಹೋಗುತ್ತೆ, ತೋರಣಗಲ್ಲಿನ ಕಾರ್ಖಾನೆಗೆ ಕೆಲಸಕ್ಕೆ ಬಂದವರ ಮಕ್ಕಳು ಇಲ್ಲೇ ಪಿಯುಸಿ, ಡಿಗ್ರಿ ಓದ್ತಾರೆ. ಅವರು ಬಿಡಿ, ನಮ್ಮವರೇ ಇದ್ದಾರಲ್ಲ. ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳ ಬಂಗಾಳಿ ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ಬೆಳೆದವರು, ಆದ್ರೂ ಕ್ಲಾಸಲ್ಲಿ “ಬಾಂಗ್ಲಾ” ಅಂತ ಕರೆಸ್ಕೋತಾರೆ. ಕಾಲುವೆ ನೀರು ಬಂದಾಗ ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿಕೊಂಡವರ ಮೊಮ್ಮಕ್ಕಳಿಗೆ ಇನ್ನೂ “ನೀವು ಅಲ್ಲಿಯವರು” ಅನ್ನೋದು ತಪ್ಪಿಲ್ಲ. ತಾಂಡಾದಿಂದ ಬಂದ ಹುಡುಗಿ ಫೋನಲ್ಲಿ ಅವ್ವನ ಜೊತೆ ಗೋರ್ ಬೋಲಿ (ಲಂಬಾಣಿ ಭಾಷೆ) ಮಾತಾಡೋಕೆ ಮೆಟ್ಟಿಲ ಕೆಳಗೆ ಹೋಗ್ತಾಳೆ.

ನನ್ನ ಸೆಷನ್ನಲ್ಲಿ ಭಾಷಣ ಇರಲ್ಲ. ಚೀಟಿ ಕೊಡ್ತೀನಿ, ಹೆಸರು ಹಾಕಬೇಡ್ರಪ್ಪಾ, ನಿಮಗೆ ಯಾರಾದ್ರೂ ಇಟ್ಟ ಯಾವ ಹೆಸರು ಇವತ್ತಿಗೂ ಚುಚ್ಚುತ್ತೆ ಅದಷ್ಟೇ ಬರೀರಿ ಅಂತೀನಿ. ಕರಿಯಾ, ಕೋಟಾ ಗಿರಾಕಿ, ಹಳ್ಳಿ ಗುಗ್ಗು, ನೇಪಾಳಿ, ಬಾಂಗ್ಲಾ... ಓದ್ತಾ ಹೋದಂಗೆ ಕ್ಲಾಸ್ ತಣ್ಣಗಾಗುತ್ತೆ. ಬೆಂಗಳೂರಿಗೆ ಇಂಟರ್ನ್‌ಶಿಪ್‌ಗೆ ಹೋಗಿ ಬಂದವರು “ನಿಮ್ದು ಏನ್ ಕನ್ನಡರೀ ಅದು” ಅಂತ ಅನ್ನಿಸಿಕೊಂಡದ್ದನ್ನ ಪ್ರತಿ ಸಲ ಬರೀತಾರೆ. ಅವರಲ್ಲೇ ಒಬ್ಬ ಇಲ್ಲಿ ಇನ್ನೊಬ್ಬನಿಗೆ ಹೆಸರು ಇಟ್ಟಿರ್ತಾನೆ.

ಆದ್ರೆ ಈ ಚೀಟಿ ಆಟದಲ್ಲಿ ಒಂದು ಅಪಾಯ ಇದೆ, ಅದನ್ನ ತಿಳಿಯೋಕೆ ನನಗೆ ನಾಲ್ಕೈದು ವರ್ಷ ಹಿಡೀತು. ಎಲ್ಲರಿಗೂ ನೋವಾಗಿದೆ, ಹಂಗಾಗಿ ಎಲ್ಲಾ ಸಮ ಅಂತ ಹುಡುಗರು ಮನೆಗೆ ಹೋಗ್ತಾರೆ. ಸಮ ಅಲ್ಲ. ಮಾತಿನ ಧಾಟಿಗೆ ನಕ್ಕರೆ ಆ ಹುಡುಗ ನಾಳೆ ಧಾಟಿ ಬದಲಿಸಿಯಾದರೂ ಬಚಾವಾಗ್ತಾನೆ, ಮೈಬಣ್ಣ, ಮುಖ, ಜಾತಿ ಹಿಡಿದು ಅಂದ್ರೆ ಆತ ಏನು ಬದಲಿಸ್ಲಿ? ಅದಕ್ಕೇ ಜಾತಿ ನಿಂದನೆಗೆ 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಅಂತ ಬೇರೆ ಕಾನೂನೇ ಇರೋದು. ಈಗ ಚೀಟಿ ಓದಿದ ಮೇಲೆ ಈ ವ್ಯತ್ಯಾಸ ಹೇಳದೇ ಕ್ಲಾಸ್ ಬಿಡಲ್ಲ.

ಇನ್ನೊಂದು ತಪ್ಪು ನನ್ನದೇ. ಒಂದು ಕಾಲೇಜಲ್ಲಿ “ಏಕತಾ ದಿನ” ಅಂತ ಮಾಡಿಸಿದೆ. ಈಶಾನ್ಯದ ಹುಡುಗಿಗೆ ಅವರ ಕಡೆ ಡ್ರೆಸ್ ಹಾಕಿಸಿ ಕುಣಿಸಿದ್ವಿ, ಎಲ್ಲಾ ಚಪ್ಪಾಳೆ, ಫೋಟೋ ಪೇಪರ್‌ಗೂ ಹೋಯ್ತು. ವಾರ ಬಿಟ್ಟು ಸಿಕ್ಕವಳು, ಕ್ವಿಜ್ ಟೀಮ್‌ಗೆ ಹೆಸರು ಕೊಟ್ಟಿದ್ದೆ ಸರ್, ಕನ್ನಡ ಬರಲ್ಲ ಅಂತ ತೆಗೆದ್ರು ಅಂದ್ಳು. ಕ್ವಿಜ್ ನಡೆದಿದ್ದು ಇಂಗ್ಲಿಷಲ್ಲಿ! ಆಮೇಲೆ ಅಂಥ ಪ್ರೋಗ್ರಾಂ ಮಾಡಿಸೋದನ್ನೇ ಬಿಟ್ಟುಬಿಟ್ಟೆ.

ಹಂಗಾದ್ರೆ ಏನು ಕೆಲಸ ಮಾಡುತ್ತೆ? ಜೊತೆಗಿಟ್ಟರೆ ತಾನೇ ಹೊಂದ್ಕೋತಾರೆ ಅನ್ನೋದು ಸುಳ್ಳು, ಒಂದೇ ಹಾಸ್ಟೆಲ್‌ನಲ್ಲಿ ಮೂರು ವರ್ಷ ಇದ್ದು ಮಾತೇ ಆಡದವರು ಇದ್ದಾರೆ. ಗಾರ್ಡನ್ ಆಲ್‌ಪೋರ್ಟ್ ಅನ್ನೋ ಮನಶ್ಶಾಸ್ತ್ರಜ್ಞ 1954ರಲ್ಲೇ ಹೇಳಿದ್ದ, ಸಂಪರ್ಕ ಆದ್ರೆ ಸಾಲದು, ಇಬ್ಬರಿಗೂ ಸಮನಾದ ಸ್ಥಾನ ಇರಬೇಕು, ಗುರಿ ಒಂದೇ ಇರಬೇಕು, ಒಬ್ಬರಿಗೊಬ್ಬರು ಬೇಕಾಗಬೇಕು, ಮೇಲಿನವರ ಬೆಂಬಲ ಇರಬೇಕು ಅಂತ. 1971ರಲ್ಲಿ ಅಮೆರಿಕದ ಆಸ್ಟಿನ್ ಊರಲ್ಲಿ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನ ಹೊಸದಾಗಿ ಒಂದೇ ಕ್ಲಾಸಿಗೆ ಸೇರಿಸಿ ಜಗಳ ಹತ್ತಿದಾಗ ಎಲಿಯಟ್ ಆರನ್ಸನ್ ಪಾಠವನ್ನೇ ತುಂಡು ಮಾಡಿದ, ಗುಂಪಲ್ಲಿ ಒಬ್ಬೊಬ್ಬನಿಗೂ ಒಂದೊಂದು ತುಂಡು, ಅವನು ಕಲಿಸದಿದ್ರೆ ಉಳಿದವರಿಗೆ ಆ ಭಾಗ ಗೊತ್ತೇ ಆಗಲ್ಲ. ಆವಾಗ ಹಂಗಿಸಿದ್ರೆ ಲುಕ್ಸಾನು ಹಂಗಿಸಿದವನಿಗೇ.

ಇದನ್ನ ನಾವು ಎನ್ನೆಸ್ಸೆಸ್‌ನ ಏಳು ದಿನದ ಕ್ಯಾಂಪಲ್ಲಿ ಮಾಡಿದ್ವಿ. ನೀವೇ ಗುಂಪು ಮಾಡ್ಕೊಳ್ರಿ ಅಂದ್ರೆ ಊರು, ಜಾತಿ, ರೂಮು ನೋಡೇ ಮಾಡ್ಕೋತಾರೆ, ಕೊನೆಗೆ ಉಳಿದ ನಾಲ್ಕು ಜನ ಯಾರು ಅಂತ ಎಲ್ಲರಿಗೂ ಗೊತ್ತು. ಹಂಗಾಗಿ ಚೀಟಿ ಎತ್ತಿ ಗುಂಪು ಹಾಕಿದ್ವಿ. ಊರಿನ ಸರ್ವೇ ಕೆಲಸ. ತೆಲುಗು ಮನೆಗಳಿಗೆ ಹೋಗೋಕೆ ಆಂಧ್ರದವರ ಕ್ಯಾಂಪಿನ ಹುಡುಗನೇ ಬೇಕು, ತಾಂಡಾಕ್ಕೆ ಹೋಗೋಕೆ ಆ ಮೆಟ್ಟಿಲ ಕೆಳಗಿನ ಹುಡುಗಿಯೇ ಬೇಕು. ಮೂರನೇ ದಿನ ಅವಳ ಹಿಂದೆ ಐದು ಜನ ನೋಟ್‌ಬುಕ್ ಹಿಡ್ಕೊಂಡು ನಿಂತಿದ್ರು, “ಅವ್ರು ಏನಂದ್ರು, ಏನಂದ್ರು” ಅಂತ. ಎಲ್ಲಾ ಸರಿಹೋಯ್ತು ಅಂತ ನಾನು ಹೇಳಲ್ಲ, ಕ್ಯಾಂಪ್ ಮುಗಿದ ಮೇಲೆ ಇಬ್ಬರು ಮೂವರು ಹಳೇ ದಾರಿಗೇ ಬಂದ್ರು.

ಪ್ರಿನ್ಸಿಪಾಲ್‌ಗಳಿಗೆ ಒಂದು ಮಾತು. ಯುಜಿಸಿಯ 2009ರ ರ್‍ಯಾಗಿಂಗ್ ನಿಯಮಕ್ಕೆ 2016ರಲ್ಲಿ ತಿದ್ದುಪಡಿ ಆಗಿದೆ: ಬಣ್ಣ, ಜನಾಂಗ, ಧರ್ಮ, ಜಾತಿ, ರೂಪ, ರಾಷ್ಟ್ರೀಯತೆ, ಪ್ರದೇಶ, ಭಾಷೆ, ಬಡತನ ಇವುಗಳ ಮೇಲೆ ಯಾವ ವಿದ್ಯಾರ್ಥಿಯನ್ನ ಹಂಗಿಸಿದ್ರೂ, ಹೊರಗಿಟ್ಟರೂ ಅದು ರ್‍ಯಾಗಿಂಗೇ. ಜೂನಿಯರ್ರೇ ಆಗಿರಬೇಕು ಅಂತಿಲ್ಲ. ಸಮಾನ ಅವಕಾಶ ಘಟಕ, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು ಅಂತ 2012ರ ನಿಯಮವೇ ಹೇಳಿತ್ತು, ಬಹಳ ಕಡೆ ಅದು ಒಂದು ಬೋರ್ಡು, ಅದರ ಮೇಲೆ ವರ್ಗಾವಣೆ ಆಗಿ ಹೋದ ಮೇಷ್ಟ್ರ ಹೆಸರು. ಮಕ್ಕಳಿಗೆ ರ್‍ಯಾಗಿಂಗ್ ವಿರೋಧಿ ಸಹಾಯವಾಣಿಯ 1800-180-5522 ನಂಬರ್ ಗೊತ್ತಿರಲಿ, ಗ್ರೂಪಲ್ಲಿ ಬಂದದ್ದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಲಿ.

ಕಂಪ್ಲೇಂಟ್ ತನಕ ಹೋಗದ ವಿಷಯಗಳೇ ಹೆಚ್ಚು. “ನಾ ಮಾತಾಡಿದ್ರ ನನ್ನನ್ನೇ ಹಿಡ್ಕೋತಾರ ಸರ್” ಅಂತಾರೆ, ಖರೇನೇ. ಅದಕ್ಕೆ ಒಬ್ಬನೇ ಮಾತಾಡಬೇಡ, ಮೊದಲೇ ಇನ್ನೊಬ್ಬನ ಜೊತೆ ಮಾತಾಡಿಟ್ಕೋ ಅಂತೀನಿ. ಕೊಪ್ಪಳದ ಕಡೆ ಇಬ್ಬರು ಹುಡುಗರು ಹಂಗೇ ಮಾಡಿದ್ರು. ಉಪದೇಶ ಇಲ್ಲ, ಜಗಳ ಇಲ್ಲ, ಯಾರಾದ್ರೂ “ಲೇ ಬಾಂಗ್ಲಾ” ಅಂದ ತಕ್ಷಣ ಒಬ್ಬ “ಯಾರು?” ಅನ್ನೋದು, ಇನ್ನೊಬ್ಬ “ಅವಗ ಹೆಸರೈತಲ್ಲ, ಅದನ್ನ ಹೇಳು” ಅನ್ನೋದು. ಪ್ರತಿ ಸಲ. ಒಂದು ತಿಂಗಳಿಗೆ ಎದುರಿನವನಿಗೆ ತಲೆ ಕೆಟ್ಟು ಹೆಸರು ಹಿಡಿದೇ ಕರೆಯೋಕೆ ಶುರು ಮಾಡಿದ. ಅವನ ಮನಸ್ಸು ಬದಲಾಯ್ತೋ ಇಲ್ವೋ, ನಾನಂತೂ ಕೇಳೋಕೆ ಹೋಗಿಲ್ಲ.