ಒಂದೇ ಹುಡುಗ, ಎರಡು ಬಾಗಿಲು

1953ರ ನವೆಂಬರ್‌ನಲ್ಲಿ ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನ ಪಾದ್ರಿ ಚಾಡ್ ವರಾ ಒಂದು ಫೋನ್ ಇಟ್ಟುಕೊಂಡು ಕೂತರು. ಬದುಕು ಸಾಕಾಗಿದೆ ಅನ್ನಿಸಿದವರು ಕರೆ ಮಾಡಬಹುದು, ಬೇಕಾದರೆ ನೇರವಾಗಿ ಬಂದು ಮಾತಾಡಬಹುದು. ಇದರ ಹಿಂದೆ 1935ರ ನೆನಪೊಂದಿತ್ತು. ಆಗಷ್ಟೇ ಚರ್ಚಿನ ಕೆಲಸಕ್ಕೆ ಸೇರಿದ್ದ ವರಾ, ಆತ್ಮಹತ್ಯೆ ಮಾಡಿಕೊಂಡ ಒಬ್ಬ ಹುಡುಗಿಯ ಅಂತ್ಯಕ್ರಿಯೆ ನಡೆಸಿದ್ದರು. ಮೊದಲ ಸಲ ಮುಟ್ಟಾದಾಗ ತನಗೆ ಗುಪ್ತರೋಗ ಬಂದಿದೆ ಎಂದು ಆಕೆ ಹೆದರಿಬಿಟ್ಟಿದ್ದಳು. ಹಾಗಲ್ಲ ಕಣೇ ಎಂದು ಹೇಳುವವರು ಯಾರೂ ಇರಲಿಲ್ಲ.

ಚರ್ಚಿಗೆ ಜನ ಬರತೊಡಗಿದರು. ಸರದಿ ಕಾಯುವವರಿಗೆ ಟೀ ಕೊಡಲು ಕೆಲವರು ತಾವಾಗಿಯೇ ಸೇರಿಕೊಂಡರು. ಸ್ವಲ್ಪ ದಿನಕ್ಕೇ ವರಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಟೀ ಕೊಟ್ಟವರ ಹತ್ತಿರವೇ ಎಲ್ಲ ಹೇಳಿಕೊಂಡ ಎಷ್ಟೋ ಜನರಿಗೆ ಆಮೇಲೆ ಪಾದ್ರಿಯನ್ನು ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ. 1954ರ ಫೆಬ್ರುವರಿಯಲ್ಲಿ ಅವರು ಕೇಳುವ ಕೆಲಸವನ್ನು ಈ ಸ್ವಯಂಸೇವಕರಿಗೇ ಬಿಟ್ಟುಕೊಟ್ಟರು. ಸಮಾರಿಟನ್ಸ್ ಎಂಬ ಸಂಸ್ಥೆ ಬೆಳೆದದ್ದು ಹೀಗೆ. ಮುಂದೆ ಬಂದ ಎಷ್ಟೋ ಸಹಾಯವಾಣಿಗಳಲ್ಲಿ ಆ ಟೀ ಕೋಣೆಯ ಗುಣ ಇದೆ. ಬುದ್ಧಿವಾದ ಇಲ್ಲ, ಸುಮ್ನೆ ಕೇಳುವುದು.

ಕಾಕತಾಳೀಯ ನೋಡಿ, ಅದೇ 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಕುಡಿತ ಬಿಡಲು ಒದ್ದಾಡುತ್ತಿದ್ದ ಇಬ್ಬರು ಭೇಟಿಯಾದರು. ಒಬ್ಬ ಷೇರು ದಲ್ಲಾಳಿ, ಇನ್ನೊಬ್ಬ ಸರ್ಜನ್. ಅಲ್ಲಿಂದ ಶುರುವಾದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್. ಅದೂ ಜನ ಒಬ್ಬರ ಮಾತಿಗೊಬ್ಬರು ಕಿವಿಗೊಡುವ ಕೆಲಸವೇ. ಆದರೆ ಆ ಕೋಣೆಗಳು ದೊಡ್ಡವರದ್ದಾಗಿದ್ದವು. 1957ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಲಟೀನ್ ಎಂಬ ಹದಿಹರೆಯದವರ ಗುಂಪು ಹುಟ್ಟಿತಾದರೂ, ಅದು ಮನೆಯವರ ಕುಡಿತದಿಂದ ನೊಂದ ಮಕ್ಕಳಿಗಾಗಿ ಇತ್ತು. ತಾನೇ ಕುಡಿಯಲು ಶುರು ಮಾಡಿದ ಹದಿನಾರರ ಹುಡುಗ ಎಲ್ಲಿಗೆ ಹೋಗಬೇಕು?

ಹೀಗೆ ಮನಸ್ಸಿನ ನೋವಿಗೆ ಒಂದು ದಾರಿ, ನಶೆಗೆ ಇನ್ನೊಂದು ದಾರಿ ಆಯಿತು. ಸರ್ಕಾರಗಳೂ ಈ ಗೆರೆಯನ್ನು ಗಟ್ಟಿ ಮಾಡಿದವು. ಅಮೆರಿಕವನ್ನೇ ತೆಗೆದುಕೊಳ್ಳಿ. ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆ 1949ರದ್ದು. ಕುಡಿತಕ್ಕೆಂದು 1970ರಲ್ಲಿ ಬೇರೆ ಸಂಸ್ಥೆ, ಡ್ರಗ್ಸ್‌ಗೆಂದು 1974ರಲ್ಲಿ ಇನ್ನೊಂದು. ಸಂಸ್ಥೆ ಬೇರೆಯಾದರೆ ಅನುದಾನ ಬೇರೆ, ತರಬೇತಿ ಬೇರೆ, ಅರ್ಜಿ ಬೇರೆ. ಚಟ ಬಿಡಿಸುವವರು 'ಮೊದಲು ಖಿನ್ನತೆಗೆ ಚಿಕಿತ್ಸೆ ತಗೊಂಡು ಬಾ' ಎನ್ನುತ್ತಿದ್ದರು. ಮನಸ್ಸಿನ ಡಾಕ್ಟರು 'ಮೊದಲು ಕುಡಿಯೋದು ಬಿಟ್ಟು ಬಾ' ಎನ್ನುತ್ತಿದ್ದರು. ನಿದ್ದೆ ಬರದೆ ಕುಡಿಯುವ, ಕುಡಿದು ಇನ್ನಷ್ಟು ಕುಗ್ಗುವ ಹುಡುಗನಿಗೆ ಇವೆರಡೂ ಒಂದೇ ಕಾಯಿಲೆ ಅಲ್ವಾ?

ಈ ಗೆರೆಯನ್ನು ಅಳಿಸಿದ್ದು ಹೆಚ್ಚಾಗಿ ಸಣ್ಣಪುಟ್ಟ ಸ್ವಯಂಸೇವಾ ಸಂಸ್ಥೆಗಳು. ನನಗೆ ಇಷ್ಟವಾಗುವ ಉದಾಹರಣೆ ಸ್ಯಾನ್ ಫ್ರಾನ್ಸಿಸ್ಕೋದ್ದು. 1967ರ ಬೇಸಿಗೆಯಲ್ಲಿ ಮನೆ ಬಿಟ್ಟ ಸಾವಿರಾರು ಯುವಕ ಯುವತಿಯರು ಹೈಟ್-ಆಶ್‌ಬರಿ ಬಡಾವಣೆಗೆ ಬಂದು ಸೇರುತ್ತಿದ್ದರು. ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ ತೆಗೆದುಕೊಂಡು ಭಯಪಟ್ಟವರು, ಉತ್ತೇಜಕ ಡ್ರಗ್ ಆಂಫೆಟಮೈನ್‌ನಿಂದ ನಿದ್ದೆಗೆಟ್ಟವರು ಆಸ್ಪತ್ರೆಗೆ ಹೋಗಲು ಹೆದರುತ್ತಿದ್ದರು. ಅಲ್ಲಿ ಬೈಗುಳ, ಆಮೇಲೆ ಪೊಲೀಸ್. ಇನ್ನೂ ಮೂವತ್ತು ದಾಟದ ಡಾಕ್ಟರ್ ಡೇವಿಡ್ ಸ್ಮಿತ್ ಆ ಜೂನ್‌ನಲ್ಲಿ ಉಚಿತ ಕ್ಲಿನಿಕ್ ತೆರೆದರು. ಚಿಕಿತ್ಸೆ ಎಲ್ಲರ ಹಕ್ಕು, ಬಂದವರನ್ನು ಒಳ್ಳೆಯವರು ಕೆಟ್ಟವರು ಎಂದು ಅಳೆಯುವುದಿಲ್ಲ ಎನ್ನುವುದು ಅಲ್ಲಿನ ನಿಲುವು. ಗಾಯ, ಜ್ವರ, ನಶೆ, ಭಯ ಎಲ್ಲಕ್ಕೂ ಒಂದೇ ಬಾಗಿಲು. ಇಂಥ ಉಚಿತ ಕ್ಲಿನಿಕ್‌ಗಳು ಬೇರೆ ಊರುಗಳಲ್ಲೂ ತಲೆಯೆತ್ತಿದವು.

ಎಂಬತ್ತರ ದಶಕದಲ್ಲಿ ಗಾಳಿ ತಿರುಗಿತು. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಡೇರ್ ಕಾರ್ಯಕ್ರಮದಲ್ಲಿ ಪೊಲೀಸರೇ ಶಾಲೆಗೆ ಬಂದು ಡ್ರಗ್ಸ್ ಬೇಡ ಎಂದು ಪಾಠ ಮಾಡಿದರು. ಮಕ್ಕಳ ನಡವಳಿಕೆ ಅದರಿಂದ ಹೆಚ್ಚೇನೂ ಬದಲಾಗಲಿಲ್ಲ ಎಂದು ತೊಂಬತ್ತರ ದಶಕದ ಅಧ್ಯಯನಗಳು ಹೇಳಿದವು. ಅದೇ ಕಾಲದಲ್ಲಿ ಬ್ರಿಟನ್ನಿನ ಚೈಲ್ಡ್‌ಲೈನ್ (1986), ಕೆನಡಾದ ಕಿಡ್ಸ್ ಹೆಲ್ಪ್ ಫೋನ್ (1989) ಎಂಬ ಸಹಾಯವಾಣಿಗಳು ಮಕ್ಕಳಿಗೆ ಪಾಠ ಹೇಳುವ ಬದಲು ಅವರ ಮಾತಿಗೆ ಕಿವಿಗೊಟ್ಟಿದ್ದವು.

ಇನ್ನೊಂದು ಗೆರೆ ಹದಿನೆಂಟನೆಯ ಹುಟ್ಟುಹಬ್ಬದ್ದು. ಅವತ್ತಿನವರೆಗೆ ಮಕ್ಕಳ ವಿಭಾಗ, ಮರುದಿನದಿಂದ ದೊಡ್ಡವರ ವಿಭಾಗ, ಹೊಸ ಡಾಕ್ಟರ್, ಹೊಸ ಸರದಿ. ಎಷ್ಟೋ ಜನ ಈ ನಡುವೆಯೇ ಕಳೆದುಹೋಗುತ್ತಾರೆ. 2005ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರ ಲೆಕ್ಕದಲ್ಲಿ, ಬದುಕಿನಲ್ಲಿ ಕಾಣುವ ಮಾನಸಿಕ ತೊಂದರೆಗಳಲ್ಲಿ ಅರ್ಧದಷ್ಟು 14 ವರ್ಷದೊಳಗೆ, ಮುಕ್ಕಾಲು ಪಾಲು 24ರೊಳಗೆ ಶುರುವಾಗುತ್ತವೆ. ವ್ಯಸನವೂ ಆ ಲೆಕ್ಕದಲ್ಲಿ ಸೇರಿತ್ತು. ಅಂದರೆ ತೊಂದರೆ ಜೋರಾಗುವ ವಯಸ್ಸಿನಲ್ಲೇ ವ್ಯವಸ್ಥೆ ಕೈಬಿಡುತ್ತಿತ್ತು.

ಆಸ್ಟ್ರೇಲಿಯಾದ ಮನೋವೈದ್ಯ ಪ್ಯಾಟ್ರಿಕ್ ಮ್ಯಾಕ್‌ಗೋರಿ ಹಾಗೂ ಜೊತೆಗಾರರು ಹಿಡಿದದ್ದು ಇದನ್ನೇ. 2006ರಲ್ಲಿ ಹುಟ್ಟಿದ ಹೆಡ್‌ಸ್ಪೇಸ್ ಎಂಬ ಸಂಸ್ಥೆಯ ಕೇಂದ್ರಗಳು 12ರಿಂದ 25 ವಯಸ್ಸಿನವರಿಗೆ. ಮನಸ್ಸು, ದೇಹ, ಕುಡಿತ-ಡ್ರಗ್ಸ್, ಓದು-ಕೆಲಸ, ನಾಲ್ಕೂ ಒಂದೇ ಸೂರಿನಡಿ. ಐರ್ಲೆಂಡಿನ ಜಿಗ್ಸಾ, ಕೆನಡಾದ ಫೌಂಡ್ರಿ ಇದೇ ಹಾದಿಯವು. ಇದರಿಂದ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಒಳಗೆ ಬರುವವರ ಸಂಖ್ಯೆ ಏರಿದಷ್ಟು ಗುಣ ಕಾಣುತ್ತಿಲ್ಲ, ಜಾಸ್ತಿ ಕಷ್ಟದಲ್ಲಿರುವವರಿಗೆ ಇದು ಸಾಲದು ಎಂಬ ಟೀಕೆ ಹೆಡ್‌ಸ್ಪೇಸ್ ಮೇಲಿದೆ.

ಕಿವಿಯೂ ಈಗ ಫೋನಿನಿಂದ ಮೆಸೇಜಿಗೆ ಬಂದಿದೆ. ಅಮೆರಿಕದಲ್ಲಿ 2013ರಲ್ಲಿ ಶುರುವಾದ ಕ್ರೈಸಿಸ್ ಟೆಕ್ಸ್ಟ್ ಲೈನ್‌ಗೆ ಮನೆಯವರಿಗೆ ಕೇಳಿಸದ ಹಾಗೆ ಬರೆಯಬಹುದು. ಆ ಸಂಸ್ಥೆ ಹೆಸರು ತೆಗೆದ ಸಂಭಾಷಣೆಗಳ ಮಾಹಿತಿಯನ್ನು ಲಾಭಕ್ಕಾಗಿ ನಡೆಯುವ ಒಂದು ಕಂಪನಿಯ ಜೊತೆ ಹಂಚಿಕೊಂಡದ್ದು 2022ರಲ್ಲಿ ಸುದ್ದಿಯಾಯಿತು. ಕೆಲವೇ ದಿನಗಳಲ್ಲಿ ಅದನ್ನು ನಿಲ್ಲಿಸಿದರು. ವರಾ ಅವರ ಟೀ ಕೋಣೆಯಲ್ಲಿ ಆಡಿದ ಮಾತನ್ನು ಯಾರೂ ಬರೆದಿಟ್ಟು ಬೇರೆಯವರಿಗೆ ಕೊಡುತ್ತಿರಲಿಲ್ಲ.

ಬಾಗಿಲೇನೋ ಒಂದಾಗುತ್ತಿದೆ. ಅದರ ಹಿಂದಿನ ಲೆಕ್ಕಪತ್ರ ಒಂದಾಗಿಲ್ಲ. ಮಾನಸಿಕ ಆರೋಗ್ಯದ ಅನುದಾನ, ವ್ಯಸನದ ಅನುದಾನ ಎರಡನ್ನೂ ಪಡೆಯುವ ಸಣ್ಣ ಸಂಸ್ಥೆ ಈಗಲೂ ಅದೇ ಹುಡುಗನ ಬಗ್ಗೆ ಎರಡು ವರದಿ ಬರೆಯಬೇಕಾಗುತ್ತದೆ. ಆ ಹೊತ್ತಿಗೆ ಅವನು ಹೊರಗಿನ ಬೆಂಚಿನ ಮೇಲೆ ಕಾಯುತ್ತಿರುತ್ತಾನೆ.