ಊರಿನವರೇ ಕಾಯುವ ಕಾಡು, ನೀರು, ಹುಲ್ಲು

ಊರಿನವರು ಸೇರಿ ಬಳಸುವ, ಕಾಯುವ ಆಸ್ತಿಯ ವಿಷಯ ಓದುವಾಗ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಊರಿಗೆ ಸೇರಿದ ಆಸ್ತಿ ಬೇರೆ, ಹೇಳುವವರು ಕೇಳುವವರು ಇಲ್ಲದ ಆಸ್ತಿ ಬೇರೆ. ಇವೆರಡನ್ನೂ ಒಂದೇ ಅಂದುಕೊಂಡರೆ ಮುಂದಿನದೆಲ್ಲ ತಪ್ಪುತ್ತದೆ.

1968ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಒಂದು ವಾದ ಮುಂದಿಟ್ಟರು. ಹುಲ್ಲುಗಾವಲು ಎಲ್ಲರಿಗೂ ತೆರೆದಿದ್ದರೆ ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾನೆ. ಲಾಭ ಅವನೊಬ್ಬನಿಗೆ, ನಷ್ಟ ಎಲ್ಲರಿಗೂ. ಕೊನೆಗೆ ಹುಲ್ಲೇ ಉಳಿಯುವುದಿಲ್ಲ. ಲೆಕ್ಕವೇನೋ ಸರಿ. ಆದರೆ ಅದು ನಿಯಮವೇ ಇಲ್ಲದ ಜಾಗದ ಲೆಕ್ಕ. ಅಕ್ಕಪಕ್ಕದಲ್ಲಿ ಬದುಕುವ ಜನ ಕೂತು ಮಾತಾಡುತ್ತಾರೆ, ಕಟ್ಟುಪಾಡು ಮಾಡುತ್ತಾರೆ, ಮುರಿದವನನ್ನು ಕೇಳುತ್ತಾರೆ ಅಲ್ವಾ?

ಇದನ್ನು ದೇಶದೇಶಗಳ ಉದಾಹರಣೆಗಳಿಂದ ತೋರಿಸಿದವರು ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು, ಆ ವಿಭಾಗದಲ್ಲಿ ಮೊದಲ ಮಹಿಳೆ. ಅವರು ಚರ್ಚಿಸಿದ ಊರುಗಳಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ನನಗೆ ತುಂಬಾ ಇಷ್ಟ. ಅಲ್ಲಿನ 1517ರ ನಿಯಮ ಇಷ್ಟೇ: ಚಳಿಗಾಲದಲ್ಲಿ ನೀನು ಎಷ್ಟು ಹಸುಗಳನ್ನು ಸಾಕಬಲ್ಲೆಯೋ, ಬೆಟ್ಟದ ಹುಲ್ಲುಗಾವಲಿಗೆ ಅಷ್ಟೇ ಹಸುಗಳನ್ನು ಬಿಡಬೇಕು. ಅಳತೆ ಸುಲಭ, ಮೋಸ ಮಾಡಿದರೆ ನೆರೆಯವರಿಗೇ ಗೊತ್ತಾಗುತ್ತದೆ. ಹೊರಗಿನ ಅಧಿಕಾರಿ ಬಂದು ಎಣಿಸಬೇಕಾಗಿಲ್ಲ.

ಕಾಯುವುದು ಒಂದು ಭಾಗ. ಬದುಕು ಹೇಗೆ ನಡೆಯಬೇಕು ಅನ್ನುವುದು ಇನ್ನೊಂದು. ಇದಕ್ಕೆ ಹರಿಯಾಣದ ಸುಖೋಮಾಜ್ರಿಯನ್ನು ಚೆನ್ನಾಗಿ ಓದಿಕೊಳ್ಳಿ. 1970ರ ದಶಕದಲ್ಲಿ ಚಂಡೀಗಢದ ಸುಖ್ನಾ ಕೆರೆಯಲ್ಲಿ ಹೂಳು ತುಂಬುತ್ತಿತ್ತು. ಮಣ್ಣು ಬರುತ್ತಿದ್ದದ್ದು ಮೇಲಿನ ಬೋಳು ಗುಡ್ಡಗಳಿಂದ. ಮೇಯಿಸಬೇಡಿ ಎಂದು ಹಳ್ಳಿಯವರಿಗೆ ಸುಮ್ನೆ ಹೇಳಿದರೆ ಯಾರು ಕೇಳುತ್ತಾರೆ? ಅವರ ಹೊಟ್ಟೆಪಾಡು ಆ ಗುಡ್ಡದ ಮೇಲೇ ಇತ್ತು. ಮಣ್ಣು ಸಂರಕ್ಷಣೆಯ ವಿಜ್ಞಾನಿ ಪಿ. ಆರ್. ಮಿಶ್ರಾ ಮತ್ತು ಜೊತೆಗಾರರು ಹಳ್ಳಿಯವರ ಜೊತೆ ಸೇರಿ ಮಳೆನೀರು ಹಿಡಿಯುವ ಸಣ್ಣ ಮಣ್ಣಿನ ಕಟ್ಟೆಗಳನ್ನು ಕಟ್ಟಿದರು. ಹೊಲಕ್ಕೆ ನೀರು ಬಂತು. ಗುಡ್ಡ ಸವೆದರೆ ತಮ್ಮ ಕಟ್ಟೆಯಲ್ಲೇ ಹೂಳು ತುಂಬುತ್ತದೆ ಅನ್ನುವುದು ಕಣ್ಣಿಗೇ ಕಂಡಿತು. ಆಗ ಊರಿನವರೇ ಮೇಯಿಸುವುದನ್ನು ತಡೆದರು. ಇದನ್ನೇ ಸಾಮಾಜಿಕ ಬೇಲಿ ಅನ್ನುತ್ತಾರೆ. ಮುಳ್ಳುತಂತಿ ಇಲ್ಲ, ಒಪ್ಪಂದವೇ ಬೇಲಿ.

ಆದರೆ ಇಲ್ಲಿ ನಿಂತು ಯೋಚಿಸಬೇಕು. ಹೊಲ ಇದ್ದವನಿಗೆ ನೀರಿನಿಂದ ಲಾಭ. ಹೊಲವೇ ಇಲ್ಲದವನು, ಎರಡು ಮೇಕೆ ನಂಬಿಕೊಂಡವನು ಗುಡ್ಡ ಯಾಕೆ ಕಾಯಬೇಕು? ಸುಖೋಮಾಜ್ರಿಯಲ್ಲಿ ಕಂಡುಕೊಂಡ ದಾರಿ ದೊಡ್ಡದು: ಭೂಮಿ ಇರಲಿ ಬಿಡಲಿ, ಪ್ರತಿ ಮನೆಗೂ ನೀರಿನಲ್ಲಿ ಸಮಪಾಲು. ಬೇಡವಾದವರು ತಮ್ಮ ಪಾಲನ್ನು ಇನ್ನೊಬ್ಬರಿಗೆ ಕೊಟ್ಟು ಹಣ ಪಡೆಯಬಹುದಿತ್ತು. ಜೊತೆಗೆ, ಮೊದಲು ಗುತ್ತಿಗೆದಾರರ ಕೈ ಸೇರುತ್ತಿದ್ದ ಗುಡ್ಡದ ಹುಲ್ಲು ಹಳ್ಳಿಯ ಸಂಘಕ್ಕೆ ಸಿಕ್ಕಿತು. ಕಾದವರಿಗೇ ಫಲ.

ಊರಿನ ಆಸ್ತಿ ಬಹುಕಾಲ ಉಳಿದ ಕಡೆಗಳಲ್ಲಿ ಆಸ್ಟ್ರಮ್ ಗುರುತಿಸಿದ 8 ಸೂತ್ರಗಳನ್ನು ಬಾಯಿಪಾಠ ಮಾಡುವ ಬದಲು ಈ ಕತೆಯಲ್ಲೇ ಹುಡುಕಿ. ಯಾರಿಗೆ ಹಕ್ಕು, ಎಲ್ಲಿಯವರೆಗೆ ಅನ್ನುವ ಎಲ್ಲೆ ಸ್ಪಷ್ಟವಿರಬೇಕು. ನಿಯಮ ಮಾಡುವಾಗ ಬಳಸುವವರ ಮಾತು ನಡೆಯಬೇಕು. ತಪ್ಪಿಗೆ ದಂಡ ಸಣ್ಣದರಿಂದ ಶುರುವಾಗಿ ಏರಬೇಕು. ಮೊದಲ ಸಲವೇ ದೊಡ್ಡ ದಂಡ ಹಾಕಿದರೆ ಮನುಷ್ಯ ಸಂಘವನ್ನೇ ಬಿಟ್ಟು ಹೋಗುತ್ತಾನೆ. ಜಗಳ ಬೇಗ, ಕಡಿಮೆ ಖರ್ಚಿನಲ್ಲಿ ತೀರಬೇಕು. ಸ್ಪೇನಿನ ವಲೆನ್ಸಿಯಾದಲ್ಲಿ ರೈತರೇ ಆರಿಸಿದ ನೀರಿನ ನ್ಯಾಯಮಂಡಳಿ ಇಂದಿಗೂ ಪ್ರತಿ ಗುರುವಾರ ಬಯಲಲ್ಲೇ ಕೂರುತ್ತದೆ, ವಿಚಾರಣೆ ಬಾಯಿಮಾತಿನಲ್ಲೇ ನಡೆಯುತ್ತದೆ.

ಇನ್ನೊಂದು ಸೂತ್ರವನ್ನು ನಾವು ಜಾಸ್ತಿ ಗಮನಿಸಬೇಕು. ಸಂಘಕ್ಕೆ ಸರ್ಕಾರದ ಮಾನ್ಯತೆ ಬೇಕು. ಕಾವಲಿನ ಕೆಲಸ ಜನರಿಗೆ, ಆದಾಯ ಮತ್ತು ತೀರ್ಮಾನ ಅರಣ್ಯ ಇಲಾಖೆಗೆ ಎಂದಾದರೆ ಅದು ಹೆಸರಿಗಷ್ಟೇ ಸಹಭಾಗಿತ್ವ. ಭಾರತದ 2006ರ ಅರಣ್ಯ ಹಕ್ಕು ಕಾಯ್ದೆ ಇಲ್ಲಿ ಮುಖ್ಯವಾಗುತ್ತದೆ. ಅದು ಸಮುದಾಯದ ಅರಣ್ಯವನ್ನು ಕಾಪಾಡುವ, ನಿರ್ವಹಿಸುವ ಹಕ್ಕನ್ನು ಗುರುತಿಸುತ್ತದೆ. ಜೇನು, ಬಿದಿರಿನಂಥ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನೂ ಕೊಡುತ್ತದೆ.

ಯಾವುದೇ ಯೋಜನೆಯ ವರದಿ ಓದುವಾಗ ಗುಡ್ಡದಲ್ಲಿ ಮೇಯಿಸುವುದನ್ನು ನಿಲ್ಲಿಸಿದ ಮೊದಲ ವರ್ಷಗಳನ್ನು ಹುಡುಕಿ ನೋಡಿ. ಹುಲ್ಲು, ನೀರು ಬರಲು ಸಮಯ ಬೇಕು. ಅಲ್ಲಿಯವರೆಗೆ ಮೇಕೆ ಮಾರಿದವರು, ಸೌದೆಗೆ ಇನ್ನೂ ದೂರ ನಡೆದ ಹೆಂಗಸರು ಏನು ಮಾಡಿದರು? ಆ ನಿಯಮ ಮಾಡಿದ ಸಭೆಯಲ್ಲಿ ಅವರು ಇದ್ದರೇ?