ಕೋಚ್ ನೇಮಕ, ಅರ್ಹತೆ ಮತ್ತು ಸರಾಸರಿಯ ತೊಡಕು: ಅಧ್ಯಯನ ಟಿಪ್ಪಣಿ

ಮುಂಬೈ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ನನ್ನೊಂದಿಗೆ ಸಮಾಜಶಾಸ್ತ್ರ ಓದುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್ 2003ರಲ್ಲಿ ಜಾರಿಗೆ ತಂದ ರೂನಿ ನಿಯಮದ ಪ್ರಕಾರ, ಮುಖ್ಯ ಕೋಚ್ ಹುದ್ದೆ ತೆರವಾದಾಗ ಅಲ್ಪಸಂಖ್ಯಾತ ಸಮುದಾಯದ ಒಬ್ಬರನ್ನಾದರೂ ಸಂದರ್ಶಿಸಬೇಕಿತ್ತು. ಹುದ್ದೆಯನ್ನು ಯಾರಿಗೂ ಕಾದಿರಿಸದ ಕಾರಣ ಇದನ್ನು ಮೀಸಲಾತಿ ಎನ್ನಲಾಗದು.

ನಾನು ಎರಡು ದಿನ ಸಿಕ್ಕಿಕೊಂಡದ್ದು ಈ ನಿಯಮಕ್ಕೆ ಹಿನ್ನೆಲೆಯಾದ 2002ರ ವರದಿಯಲ್ಲಿ. ವಕೀಲರಾದ ಸೈರಸ್ ಮೆಹ್ರಿ ಮತ್ತು ಜಾನಿ ಕಾಕ್ರನ್ ಹೊರತಂದ ಆ ವರದಿ, ಕಪ್ಪುವರ್ಣೀಯ ಕೋಚ್‌ಗಳು ಬಿಳಿಯರಿಗಿಂತ ಋತುವೊಂದಕ್ಕೆ ಸರಾಸರಿ 1.1 ಪಂದ್ಯ ಹೆಚ್ಚು ಗೆದ್ದಿದ್ದಾರೆ ಎಂದು ತೋರಿಸಿ, ಇದೇ ತಾರತಮ್ಯದ ಕುರುಹು ಎಂದಿತು. ಹೆಚ್ಚು ಗೆದ್ದವರಿಗೆ ಅನ್ಯಾಯವಾದದ್ದಾದರೂ ಹೇಗೆ?

ಮಾಟುಂಗದ ಒಂದು ಉಡುಪಿ ಹೋಟೆಲನ್ನು ಕಲ್ಪಿಸಿಕೊಂಡಾಗ ಗಂಟು ಸಡಿಲವಾಯಿತು. ಕುಂದಾಪುರ ಕಡೆಯ ಮಾಲೀಕರು ತಮ್ಮೂರಿನ ಹುಡುಗನಿಗೆ ಎರಡು ವರ್ಷದ ಅನುಭವವಿದ್ದರೆ ದೋಸೆ ಕಾವಲಿ ಒಪ್ಪಿಸುತ್ತಾರೆ. ಬೇರೆ ಊರಿನವನಾದರೆ ಐದು ವರ್ಷವಾಗಿರಬೇಕು. ವರ್ಷ ಕಳೆದು ನೋಡಿದರೆ ಹೊರಗಿನವರ ದೋಸೆಯೇ ಸರಾಸರಿ ಚೆನ್ನಾಗಿರುತ್ತದೆ. ಅವರು ಹುಟ್ಟಾ ಬಾಣಸಿಗರೆಂದಲ್ಲ. ಮೂರು, ನಾಲ್ಕು ವರ್ಷ ಪಳಗಿದ ಹೊರಗಿನ ಹುಡುಗರು ಬಾಗಿಲಿನಿಂದಲೇ ಹಿಂತಿರುಗಿದ್ದರಿಂದ ಲೆಕ್ಕಕ್ಕೇ ಬರಲಿಲ್ಲ. ಮಾಲೀಕರಿಗೆ ಯಾರ ಮೇಲೂ ದ್ವೇಷವಿಲ್ಲ. "ಇವನ ಅಪ್ಪನನ್ನು ಬಲ್ಲೆ" ಎಂಬ ನಂಬಿಕೆಯೇ ಮೂರು ವರ್ಷದ ಅನುಭವಕ್ಕೆ ಸಮನಾಗಿ ನಿಂತಿದೆ, ಅಷ್ಟೇ. ಕೇಳಿದರೆ ಅವರು ಅರ್ಹತೆ ನೋಡಿಯೇ ತೆಗೆದುಕೊಂಡೆ ಎನ್ನುತ್ತಾರೆ, ಪ್ರಾಮಾಣಿಕವಾಗಿಯೇ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಇಬ್ಬರಿಗೂ ಐದೇ ವರ್ಷದ ಷರತ್ತಿದ್ದು, ಹೊರಗಿನಿಂದ ಹದಿನೈದು ವರ್ಷ ಪಳಗಿದವರೇ ಹೆಚ್ಚಾಗಿ ಬಂದಿದ್ದರೂ ಅವರ ಸರಾಸರಿ ಏರುತ್ತದೆ. ಆದ್ದರಿಂದ ನಿಜವಾಗಿ ಹೋಲಿಸಬೇಕಾದದ್ದು ಸರಾಸರಿಯನ್ನಲ್ಲ, ಎರಡೂ ಕಡೆ ಕಷ್ಟದಿಂದ ಒಳಬಂದ ಕೊನೆಯವರನ್ನು. ಬೆರಳೆಣಿಕೆಯ ಕೋಚ್‌ಗಳಿಂದ ಬಂದ 1.1 ಎಂಬ ಅಂಕಿ ಅನುಮಾನಕ್ಕೆ ಬಲವಾದ ಆಧಾರ, ಆದರೆ ಪುರಾವೆಯಲ್ಲ ಎಂದು ನಾನು ಬರೆದುಕೊಂಡಿದ್ದೇನೆ.

ಕೋಚ್ ನೇಮಕದಲ್ಲಿ ಇಂಥ ಷರತ್ತು ಹುಟ್ಟುವುದು ಇನ್ನೂ ಹಿಂದೆ. ಮುಖ್ಯ ಕೋಚ್‌ಗಳನ್ನು ಹೆಚ್ಚಾಗಿ ಕ್ವಾರ್ಟರ್‌ಬ್ಯಾಕ್‌ಗಳನ್ನು (ಮೈದಾನದಲ್ಲಿ ಆಕ್ರಮಣವನ್ನು ಮುನ್ನಡೆಸುವ ಆಟಗಾರರು) ತರಬೇತುಗೊಳಿಸಿದ, ಆಕ್ರಮಣ ವಿಭಾಗ ನಡೆಸಿದ ಸಹಾಯಕರಿಂದ ಆರಿಸುತ್ತಾರೆ. ಕಪ್ಪುವರ್ಣೀಯ ಆಟಗಾರರನ್ನೋ ಬಹುಕಾಲ ಆ ಸ್ಥಾನದಿಂದಲೇ ದೂರವಿಡಲಾಗಿತ್ತು. ಮರೀನ್ ಲೈನ್ಸ್ ದಾಟುವಾಗ ರೈಲಿನಿಂದ ಜಿಮ್ಖಾನಾಗಳು ಕಂಡಾಗಲೆಲ್ಲ ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಾಲವಣಕರ್ ಬಾಳೂ ನೆನಪಾಗುತ್ತಾರೆ: 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರೂ ಮುಂಬೈಯ ಸಮುದಾಯವಾರು ಕ್ರಿಕೆಟ್ ಪಂದ್ಯಾವಳಿಯಲ್ಲಿ ಆಡುತ್ತಿದ್ದ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಅದು 1923ರಲ್ಲಿ ಅವರ ತಮ್ಮ ವಿಠ್ಠಲರಿಗೆ ಬಂತು.

ರೂನಿ ನಿಯಮವನ್ನು ಮುರಿದದ್ದಕ್ಕೆ 2003ರಲ್ಲೇ ಡೆಟ್ರಾಯಿಟ್ ಲಯನ್ಸ್ ಅಧ್ಯಕ್ಷರಿಗೆ 2 ಲಕ್ಷ ಡಾಲರ್ ದಂಡ ಬಿತ್ತು. ತೋರಿಕೆಯ ಸಂದರ್ಶನವನ್ನು ಹಿಡಿಯುವುದು ಹೆಚ್ಚು ಕಷ್ಟ. 2022ರಲ್ಲಿ ಕಪ್ಪುವರ್ಣೀಯ ಕೋಚ್ ಬ್ರಯಾನ್ ಫ್ಲೋರೆಸ್ ಹೂಡಿದ ಮೊಕದ್ದಮೆಯ ಆರೋಪವೂ ತೋರಿಕೆಯ ಸಂದರ್ಶನದ್ದೇ. 2020ರಲ್ಲಿ ಲೀಗ್ ಬೇರೊಂದು ದಾರಿ ಹಿಡಿಯಿತು: ಅಲ್ಪಸಂಖ್ಯಾತ ಸಹಾಯಕರೊಬ್ಬರು ಬೇರೆ ತಂಡದ ಮುಖ್ಯ ಕೋಚ್ ಆದರೆ, ಅವರನ್ನು ಬೆಳೆಸಿದ ತಂಡಕ್ಕೆ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) ಹೆಚ್ಚುವರಿ ಆಯ್ಕೆಗಳು. ನಮ್ಮ ಹೋಟೆಲಿನ ಲೆಕ್ಕದಲ್ಲಿ ಹೇಳುವುದಾದರೆ, ಹೊರಗಿನ ಹುಡುಗನಿಗೆ ಮೊದಲ ಎರಡು ವರ್ಷ ಕಾವಲಿ ಕಲಿಸಿದವರಿಗೆ ಸಿಗುವ ಇನಾಮು ಅದು.